ಪಾಠ ಹೇಳದ ಗುರುಗಳು

ಬೇಸಿಗೆಯ ರಜೆ ಬಂದಿತೆಂದರೆ ಊರೂರುಗಳಲ್ಲಿ ಶಿಬಿರಗಳ ಕರಪತ್ರಗಳು ಮನೆಯ ಬಾಗಿಲಿಗೆ ಬಂದು ಬೀಳುತ್ತವೆ. ಚಿತ್ರಕಲೆ, ಈಜು, ಯೋಗಾಸನ, ಗಣಕಯಂತ್ರ, ಇಂಗ್ಲಿಷ್ ಸಂಭಾಷಣೆ, ಹೀಗೆ ಬಗೆಬಗೆಯ ಶಿಬಿರಗಳು. ಅಲ್ಲಿ ಏನನ್ನು ಕಲಿಸುತ್ತಾರೆ, ಎಷ್ಟು ದಿನ ಕಲಿಸುತ್ತಾರೆ, ಶುಲ್ಕವೆಷ್ಟು ಎಂಬುದೆಲ್ಲ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕಲಿಸುವವರು ಯಾರು ಎಂಬುದನ್ನು ಮಾತ್ರ ಹುಡುಕಿ ನೋಡಬೇಕು. ತಂದೆತಾಯಿಗಳೂ ಅದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಶಿಬಿರದ ಜೀವವಿರುವುದು ಕಲಿಸುವವರಲ್ಲಿಯೇ ಎಂದು ನಾವು ತಿಳಿದಿರುವುದರಿಂದ, ಈ ತಿಂಗಳು ಆ ಒಂದು ವಿಷಯವನ್ನೇ ವಾಚಕ ಬಂಧುಗಳ ಮುಂದಿಡಲು ಬಯಸಿದ್ದೇವೆ.

ಇದಕ್ಕಾಗಿ ನಾವು ಆರಿಸಿಕೊಂಡ ಉದಾಹರಣೆ ಬಹು ದೂರದ್ದು. ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಪಶ್ಚಿಮ ವರ್ಜೀನಿಯಾ ಎಂಬ ಗುಡ್ಡಗಾಡು ಸಂಸ್ಥಾನವೊಂದಿದೆ. ಅಪಲೇಚಿಯನ್ ಪರ್ವತಗಳ ನಡುವಿನ ಈ ನಾಡು ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ವರ್ಜೀನಿಯಾದಿಂದ ಬೇರೆಯಾಯಿತು. ಕಲ್ಲಿದ್ದಲಿನ ಗಣಿಗಳಿಗೆ ಹೆಸರಾದ ಸೀಮೆ ಅದು. ಅಲ್ಲಿ ಎಲ್ಕಿನ್ಸ್ ಎಂಬ ಸಣ್ಣ ಊರಿನ ಡೇವಿಸ್ ಮತ್ತು ಎಲ್ಕಿನ್ಸ್ ಕಾಲೇಜಿನಲ್ಲಿ 1973ರಲ್ಲಿ ಒಂದು ಬೇಸಿಗೆ ಶಿಬಿರ ಆರಂಭವಾಯಿತು. ‘ಆಗಸ್ಟಾ’ ಎಂಬುದು ಅದರ ಹೆಸರು. ಹಿಂದೊಮ್ಮೆ ಆ ಬೆಟ್ಟಗಳ ಬಹುಭಾಗವು ವರ್ಜೀನಿಯಾದ ಆಗಸ್ಟಾ ಎಂಬ ವಿಶಾಲ ಜಿಲ್ಲೆಗೆ ಸೇರಿತ್ತು. ಆ ಹಳೆಯ ಹೆಸರನ್ನೇ ಶಿಬಿರಕ್ಕೆ ಇಟ್ಟುಕೊಂಡರು.

ಮೊದಲು ಅಲ್ಲಿ ಕೈಕಸಬುಗಳಿಗೆ ಪ್ರಾಧಾನ್ಯವಿತ್ತು. ಬರಬರುತ್ತ ಜಾನಪದ ಸಂಗೀತ, ಅದರಲ್ಲಿಯೂ ತಂತಿವಾದ್ಯಗಳ ಸಂಗೀತ, ಮುಂದೆ ಬಂದಿತು. ವಾರಕ್ಕೊಂದು ಸಂಪ್ರದಾಯ ಎಂಬುದು ಏರ್ಪಾಡು: ಒಂದು ವಾರ ಬೆಟ್ಟದ ಜನರ ಹಳೆಯ ಪಿಟೀಲು ಮತ್ತು ಬ್ಯಾಂಜೊ, ಇನ್ನೊಂದು ವಾರ ಆಫ್ರಿಕಾ ಮೂಲದ ಅಮೇರಿಕನ್ನರ ಬ್ಲೂಸ್, ಮತ್ತೊಂದು ವಾರ ದಕ್ಷಿಣದ ಲೂಸಿಯಾನಾದ ಫ್ರೆಂಚ್ ಹಾಡುಗಳು, ಮಗುದೊಂದು ವಾರ ಐರ್ಲೆಂಡಿನ ಸಂಗೀತ. ಕಲಿಯಲು ಬಂದವರು ಕಾಲೇಜಿನ ವಸತಿಗೃಹಗಳಲ್ಲಿ ಇಳಿದುಕೊಳ್ಳುವರು. ಹಗಲು ವರ್ಗಗಳು, ಸಂಜೆ ಕುಣಿತ, ಅನಂತರ ರಾತ್ರಿ ಬಹಳ ಹೊತ್ತಿನವರೆಗೆ ಅಲ್ಲಲ್ಲಿ ಗುಂಪುಗೂಡಿ ಕುಳಿತು ಬಾರಿಸುವುದು. ಹದಿಹರೆಯದ ಹುಡುಗನ ಪಕ್ಕದಲ್ಲಿ ನಿವೃತ್ತ ಅಧಿಕಾರಿ, ವೈದ್ಯೆಯ ಪಕ್ಕದಲ್ಲಿ ರೈತ, ಎಲ್ಲರೂ ಅಲ್ಲಿ ಕೇವಲ ವಿದ್ಯಾರ್ಥಿಗಳು.

ಶಿಬಿರದ ಅಗತ್ಯವಾದರೂ ಏಕೆ ಬಂದಿತು? ಈ ಸಂಗೀತಕ್ಕೆ ಹಿಂದೆ ಶಾಲೆಯೇ ಬೇಕಾಗಿರಲಿಲ್ಲ. ಅಪ್ಪ ಬಾರಿಸುವುದನ್ನು ನೋಡಿ ಮಗ ಕಲಿಯುತ್ತಿದ್ದ, ನೆರೆಮನೆಯ ಕುಣಿತದಲ್ಲಿ ಕೇಳಿದ್ದನ್ನು ಮರುದಿನ ಮನೆಯಲ್ಲಿ ಕುಳಿತು ಹೊರಡಿಸುತ್ತಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಜನ ಗಣಿಗಳಿಗೆ, ಕಾರಖಾನೆಗಳಿಗೆ, ಪಟ್ಟಣಗಳಿಗೆ ನಡೆದರು. ರೇಡಿಯೋ ಮತ್ತು ಧ್ವನಿಮುದ್ರಿಕೆಗಳು ಎಲ್ಲ ಮನೆಗಳಿಗೂ ಒಂದೇ ಬಗೆಯ ಹಾಡನ್ನು ತಂದವು. ಬಾರಿಸುವ ಮುದುಕರು ಊರಿನಲ್ಲಿ ಉಳಿದರು, ಕೇಳುವ ಮಕ್ಕಳು ಉಳಿಯಲಿಲ್ಲ. ಎಳೆಯರಿಗೂ ಹಿರಿಯರಿಗೂ ನಡುವೆ ಮುರಿದುಹೋದ ಆ ಸೇತುವೆಯ ಬದಲಿಗೆ ಒಂದು ಹಗ್ಗದ ಸೇತುವೆಯನ್ನಾದರೂ ಕಟ್ಟಬೇಕೆಂಬುದು ಇಂಥ ಶಿಬಿರಗಳ ಉದ್ದೇಶವಾಗಿತ್ತು.

ಹಾಗಾದರೆ ಅಲ್ಲಿಗೆ ಗುರುಗಳಾಗಿ ಬಂದವರು ಯಾರು? ಸಂಗೀತದ ಪದವೀಧರರು, ಯುವ ಕಲಾವಿದರು ಇದ್ದೇ ಇದ್ದರು. ಆದರೆ ಶಿಬಿರಕ್ಕೆ ನಿಜವಾದ ತೂಕ ತಂದುಕೊಟ್ಟವರು ಎಂದೂ ಮಾಸ್ತರಿಕೆ ಮಾಡದ ಜನ. ಅವರಲ್ಲಿ ಮೂವರನ್ನು ಇಲ್ಲಿ ಪರಿಚಯಿಸುತ್ತೇವೆ: ಒಬ್ಬರು ಗಣಿಯ ಕೂಲಿಕಾರರು, ಒಬ್ಬರು ಬಡಗಿ, ಇನ್ನೊಬ್ಬರು ಶಾಲೆಯ ಬಸ್ಸಿನ ಚಾಲಕರು.

ಮೊದಲನೆಯವರು ಮೆಲ್ವಿನ್ ವೈನ್. 1909ರಲ್ಲಿ ಪಶ್ಚಿಮ ವರ್ಜೀನಿಯಾದ ಬ್ರ್ಯಾಕ್ಸ್‌ಟನ್ ಜಿಲ್ಲೆಯಲ್ಲಿ ಹುಟ್ಟಿದ ಇವರು ಗಣಿಯಲ್ಲಿ ದುಡಿದು, ಹೊಲ ಉತ್ತು, ದೊಡ್ಡ ಸಂಸಾರವನ್ನು ಸಾಕಿದವರು. ಅವರ ಅಜ್ಜ, ತಂದೆ ಎಲ್ಲರೂ ಪಿಟೀಲು ಬಾರಿಸುವವರೇ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಮೆಲ್ವಿನ್ ತಂದೆ ಹೊರಗೆ ಹೋದ ಹೊತ್ತು ಸಾಧಿಸಿ ಅವರ ಪಿಟೀಲನ್ನು ಗುಟ್ಟಾಗಿ ತೆಗೆದು ಅಭ್ಯಾಸ ಮಾಡುತ್ತಿದ್ದರಂತೆ. ಮುಂದೆ ಸಂಸಾರದ ಭಾರ ಮತ್ತು ಧರ್ಮಶ್ರದ್ಧೆಯ ಕಾರಣದಿಂದ ಸುಮಾರು ಇಪ್ಪತ್ತು ವರ್ಷ ಪಿಟೀಲನ್ನು ಮುಟ್ಟದೆಯೇ ಇದ್ದರು. ಆ ಮೇಲೆ ಮತ್ತೆ ಕೈಗೆತ್ತಿಕೊಂಡರು. ಆ ಇಪ್ಪತ್ತು ವರ್ಷಗಳು ನಲವತ್ತಾಗಿದ್ದರೆ ಮೂರು ತಲೆಮಾರುಗಳ ಧಾಟಿಗಳು ಅವರೊಂದಿಗೇ ಮಣ್ಣಾಗುತ್ತಿದ್ದವು. ಹಾಗಾಗಲಿಲ್ಲ. ಇಳಿವಯಸ್ಸಿನಲ್ಲಿ ಅವರು ಆಗಸ್ಟಾದಲ್ಲಿ ಗುರುಗಳಾದರು. ಅವರಿಂದ ಹರಡಿದ ‘ಕೋಲ್ಡ್ ಫ್ರಾಸ್ಟಿ ಮಾರ್ನಿಂಗ್’ ಎಂಬ ಧಾಟಿಯನ್ನು ಇಂದು ಹಲವು ದೇಶಗಳ ಪಿಟೀಲುಗಾರರು ಬಲ್ಲರು. 2003ರಲ್ಲಿ ಅವರು ತೀರಿಕೊಂಡಾಗ ಅವರ ಧಾಟಿಗಳು ನೂರಾರು ಕೈಗಳಲ್ಲಿ ಉಳಿದಿದ್ದವು.

ಎರಡನೆಯವರು ಜಾನ್ ಸೀಫಸ್, 1930ರಿಂದ 2009ರ ವರೆಗೆ ಬಾಳಿದವರು. ವಾಷಿಂಗ್ಟನ್ನಿನಲ್ಲಿ ಬಡಗಿಯ ಉದ್ಯೋಗ ಮಾಡುತ್ತಿದ್ದ ಇವರು ಆಫ್ರಿಕಾ ಮೂಲದ ಅಮೇರಿಕನ್ ಮನೆತನದವರು. ಗಿಟಾರನ್ನು ಕಲಿತದ್ದು ಬಂಧುಗಳಿಂದ. ಇವರ ಬ್ಲೂಸ್ ಪದ್ಧತಿಗೆ ‘ಪೀಡ್ಮಾಂಟ್’ ಎಂದು ಹೆಸರು. ಇದರಲ್ಲಿ ಬಲಗೈಯ ಹೆಬ್ಬೆರಳು ಮಂದ್ರದ ತಂತಿಗಳನ್ನು ಒಂದಾದ ಮೇಲೊಂದು ಎಡೆಬಿಡದೆ ಮೀಟುತ್ತ ಲಯವನ್ನು ಹಿಡಿದಿರಬೇಕು, ಅದೇ ಕಾಲಕ್ಕೆ ತೋರುಬೆರಳು ಮೇಲಿನ ತಂತಿಗಳ ಮೇಲೆ ಹಾಡನ್ನು ನುಡಿಸಬೇಕು. ಒಂದೇ ಕೈ ಹಾಡುಗಾರನೂ ಹೌದು, ತಾಳದವನೂ ಹೌದು. ಹೆಬ್ಬೆರಳು ಹಾಡಿನ ಹಿಂದೆ ಓಡತೊಡಗಿದರೆ ಎಲ್ಲವೂ ಕೆಡುತ್ತದೆ. ಆದುದರಿಂದ ಕಲಿಯುವವನು ಮೊದಲು ಹೆಬ್ಬೆರಳೊಂದನ್ನೇ ಪಳಗಿಸಬೇಕಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಅರಿಯುವುದು ಕಷ್ಟ. ಬಲ್ಲವರ ಎದುರು ಕುಳಿತು ಆ ಕೈಯನ್ನೇ ನೋಡುತ್ತಿದ್ದರೆ ಅರಿವಾಗುತ್ತದೆ. ಸೀಫಸ್ ಅವರು ಬಾಯಿಹಾರ್ಮೋನಿಯಂ ಬಾರಿಸುವ ತಮ್ಮ ಜೊತೆಗಾರ ಫಿಲ್ ವಿಗಿನ್ಸ್ ಅವರೊಡನೆ ಆಗಸ್ಟಾದ ಬ್ಲೂಸ್ ವಾರಗಳಲ್ಲಿ ಕಲಿಸಿದರು.

ಮೂರನೆಯವರು ಡ್ಯೂಯಿ ಬಾಲ್ಫಾ. ಗಡಿನಾಡಿನ ಕನ್ನಡಿಗರಾದ ನಾವು ಇವರ ಕಥೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ಕೆನಡಾದ ಪೂರ್ವ ಕರಾವಳಿಯಲ್ಲಿ ಆಕೇಡಿಯಾ ಎಂಬ ಫ್ರೆಂಚ್ ವಸಾಹತು ಇತ್ತು. ಬ್ರಿಟಿಷರು 1755ರಿಂದ ಮುಂದಕ್ಕೆ ಅಲ್ಲಿಯ ಜನರನ್ನು ಮನೆಮಾರು ಬಿಡಿಸಿ ಓಡಿಸಿದರು. ಹಾಗೆ ಚದರಿದವರಲ್ಲಿ ಹಲವರು ಕೊನೆಗೆ ಲೂಸಿಯಾನಾದಲ್ಲಿ ನೆಲೆಯಾದರು. ‘ಆಕೇಡಿಯನ್’ ಎಂಬುದು ಬಾಯಿಂದ ಬಾಯಿಗೆ ಸವೆದು ‘ಕೇಜನ್’ ಆಯಿತು. ಸುತ್ತಲೂ ಇಂಗ್ಲಿಷ್ ಇದ್ದರೂ ಈ ಜನ ಫ್ರೆಂಚನ್ನೇ ಆಡುತ್ತ, ಹಾಡುತ್ತ ಬಂದರು. ಲೂಸಿಯಾನಾದ 1921ರ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಮಾತ್ರ ಕಲಿಕೆಯ ಭಾಷೆಯನ್ನಾಗಿಸಿತು. ಶಾಲೆಯ ಅಂಗಳದಲ್ಲಿ ಮನೆಯ ಮಾತನ್ನಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. ಹಾಗೆ ಬೆಳೆದವರು ತಾವು ತಂದೆತಾಯಿಗಳಾದಾಗ, ತಮಗೆ ಬಂದ ಅವಮಾನ ಮಕ್ಕಳಿಗೆ ಬಾರದಿರಲೆಂದು, ಅವರೊಡನೆ ಫ್ರೆಂಚ್ ಆಡುವುದನ್ನೇ ಬಿಟ್ಟರು. ಭಾಷೆ ಹಿಂದೆ ಸರಿದಂತೆ ಹಾಡೂ ಸರಿಯಿತು. ಫ್ರೆಂಚ್ ಹಾಡೆಂದರೆ ಹಳ್ಳಿಗರ ಗೊಗ್ಗರು ದನಿ ಎಂದು ಸ್ವಂತದವರೇ ಮೂಗು ಮುರಿಯತೊಡಗಿದರು.

ಡ್ಯೂಯಿ ಬಾಲ್ಫಾ 1927ರಲ್ಲಿ ಅಲ್ಲಿಯ ಮಾಮೂ ಊರಿನ ಹತ್ತಿರ, ಪಾಲಿನ ಬೇಸಾಯ ಮಾಡುವ ಬಡವರ ಮನೆಯಲ್ಲಿ ಹುಟ್ಟಿದರು. ಮನೆತುಂಬ ಸಂಗೀತವಿತ್ತು. ಅವರು ಪಿಟೀಲು ಹಿಡಿದರೆ ಅಣ್ಣ ವಿಲ್ ಎರಡನೆಯ ಪಿಟೀಲಿನಲ್ಲಿ ಮಂದ್ರದ ಸ್ವರಗಳನ್ನು ತುಂಬುತ್ತಿದ್ದರು. ನಮ್ಮಲ್ಲಿ ಮುಮ್ಮೇಳಕ್ಕೆ ಹಿಮ್ಮೇಳವಿದ್ದಂತೆ ಕೇಜನ್ ಸಂಗೀತದಲ್ಲಿ ಇದೊಂದು ಪದ್ಧತಿ. 1964ರಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಒಂದು ಕೇಜನ್ ಮೇಳವನ್ನು ಕರೆದರು. ಬರಬೇಕಾಗಿದ್ದ ಗಿಟಾರಿನವರಿಗೆ ಬದಲಾಗಿ ಬಾಲ್ಫಾ ಹೋಗಬೇಕಾಯಿತು. ಇಂಥ ಸಂಗೀತವನ್ನು ದೊಡ್ಡ ಸಭೆಗೆ ಒಯ್ದರೆ ನಗೆಗೀಡಾಗುವುದೇ ಸರಿ ಎಂಬಂತೆ ಅವರ ಸೀಮೆಯ ಪತ್ರಿಕೆಯೊಂದು ಹಗುರಾಗಿ ಬರೆದಿತ್ತು. ಆದರೆ ಅಲ್ಲಿ ನೆರೆದ ಸಾವಿರಾರು ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಹೊರಗಿನವರಿಂದ ದೊರೆತ ಆ ಮನ್ನಣೆಯನ್ನು ತಮ್ಮ ಊರಿಗೆ ಮುಟ್ಟಿಸಬೇಕೆಂಬ ಛಲದಿಂದ ಬಾಲ್ಫಾ ಹಿಂದಿರುಗಿದರು.

ಮುಂದಿನದು ಅವರ ನಿಜವಾದ ಕೆಲಸ. ಶಾಲೆಯ ಬಸ್ಸು ಓಡಿಸಿ ಹೊಟ್ಟೆ ಹೊರೆದ ಈ ಮನುಷ್ಯ ಪಿಟೀಲು ಹಿಡಿದು ಶಾಲೆಯ ಕೋಣೆಗಳನ್ನೇ ಹೊಕ್ಕರು. ಫ್ರೆಂಚ್ ಆಡಿದರೆ ಮಕ್ಕಳನ್ನು ದಂಡಿಸುತ್ತಿದ್ದಂಥ ಶಾಲೆಗಳಲ್ಲಿಯೇ ಫ್ರೆಂಚ್ ಹಾಡು ಹಾಡಿದರು, ಫ್ರೆಂಚ್ ಕಥೆ ಹೇಳಿದರು. ಈ ನಡುವೆ 1968ರಲ್ಲಿ ಲೂಸಿಯಾನಾ ಸರಕಾರವೇ ಫ್ರೆಂಚ್ ಭಾಷೆಯ ಬೆಳವಣಿಗೆಗಾಗಿ ಒಂದು ಮಂಡಳಿಯನ್ನು ಸ್ಥಾಪಿಸಿತು. 1974ರಲ್ಲಿ ಲಾಫಯೆಟ್ ಊರಿನಲ್ಲಿ ಕೇಜನ್ ಸಂಗೀತದ ದೊಡ್ಡ ಉತ್ಸವವೇ ನಡೆಯಿತು. 1970ರ ದಶಕದ ಕೊನೆಯಲ್ಲಿ ಬಾಲ್ಫಾ ಅವರ ಇಬ್ಬರು ಸಹೋದರರು, ವಿಲ್ ಮತ್ತು ರಾಡ್ನಿ, ಒಂದೇ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಜೊತೆಗೆ ಬಾರಿಸುವ ಕೈಗಳು ಮನೆಯಲ್ಲಿ ಇಲ್ಲವಾದವು. ಆದರೂ ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ. ಆಗಸ್ಟಾದ ಶಿಬಿರಕ್ಕೆ ಬಂದು, ಫ್ರೆಂಚಿನ ಗಂಧವೇ ಇಲ್ಲದ ಉತ್ತರದ ಹುಡುಗರಿಗೂ ಹಾಡಿನ ನಡೆಯನ್ನು ತೋರಿಸಿಕೊಟ್ಟರು. 1992ರಲ್ಲಿ ಅವರು ಕಾಲವಾದ ಮೇಲೆ ಮಗಳು ಕ್ರಿಸ್ಟೀನ್ ಬಾಲ್ಫಾ ಅದೇ ದಾರಿಯಲ್ಲಿ ನಡೆದು, ತಂದೆಯ ಹೆಸರಿನಲ್ಲಿಯೇ ಲೂಸಿಯಾನಾದಲ್ಲಿ ಒಂದು ಸಂಗೀತ ಶಿಬಿರವನ್ನು ಕಟ್ಟಿದರು. ಶಿಬಿರಕ್ಕೆ ಬಂದು ಕಲಿಸಿದವರ ಹೆಸರೇ ಒಂದು ಶಿಬಿರದ ಹೆಸರಾಯಿತು.

ಇನ್ನು ಇವರು ಕಲಿಸುತ್ತಿದ್ದ ರೀತಿಯನ್ನು ನೋಡೋಣ. ಇಂಥ ವರ್ಗಗಳಲ್ಲಿ ಸಾಮಾನ್ಯವಾಗಿ ಸ್ವರಲಿಪಿಯ ಹಾಳೆಗೆ ಎಡೆಯಿಲ್ಲ. ಗುರು ಒಂದು ಧಾಟಿಯನ್ನು ಇಡಿಯಾಗಿ ನಾಲ್ಕಾರು ಬಾರಿ ಬಾರಿಸುತ್ತಾರೆ. ಶಿಷ್ಯರು ಕೈಗಳನ್ನು ಮಡಿಲಲ್ಲಿಟ್ಟು ಕೇಳುತ್ತಾರೆ. ಬಳಿಕ ಒಂದು ತುಣುಕು. ಗುರು ಬಾರಿಸಿದರೆ ಶಿಷ್ಯರು ಅದನ್ನು ಹಿಂಬಾಲಿಸುತ್ತಾರೆ. ಅದು ಕೈಗೆ ಹತ್ತಿದ ಮೇಲೆ ಮುಂದಿನ ತುಣುಕು, ಆಮೇಲೆ ಎರಡನ್ನೂ ಕೂಡಿಸಿ ಬಾರಿಸುವುದು. ಹಿಂದೆ ಕೂಲಿಮಠದಲ್ಲಿ ಮಗ್ಗಿ ಕಲಿತಂತೆಯೇ ಇದು. ಹಳೆಯ ಗುರುಗಳಿಗೆ ಒಂದು ತೊಡಕು ಇರುತ್ತದೆ. ಐವತ್ತು ವರ್ಷ ಒಂದೇ ವೇಗದಲ್ಲಿ ಬಾರಿಸಿದ ಕೈ ನಿಧಾನಕ್ಕೆ ಇಳಿಯಲೊಲ್ಲದು, ನಡುವಿನಿಂದ ಎತ್ತಿಕೊಳ್ಳಲೂ ಒಲ್ಲದು. ಏಕೆ ಹೀಗೆ ಎಂದು ಕೇಳಿದರೆ ಉತ್ತರವಾಗಿ ಮತ್ತೊಮ್ಮೆ ಮೊದಲಿನಿಂದ ಬಾರಿಸಿ ತೋರಿಸುತ್ತಾರೆ. ಆಗ ಪಕ್ಕದಲ್ಲಿ ಕುಳಿತ ಕಿರಿಯ ಗುರುವಿನ ಉಪಯೋಗವಾಗುತ್ತದೆ. ಹಿರಿಯರು ಮಾಡಿದ್ದನ್ನು ಅವನು ಬಿಡಿಸಿ, ತಡೆದು, ನಿಧಾನಿಸಿ ತೋರಿಸುತ್ತಾನೆ. ಒಬ್ಬರಲ್ಲಿ ವಿದ್ಯೆ, ಇನ್ನೊಬ್ಬರಲ್ಲಿ ವಿವರಣೆ. ಈ ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ್ದೇ ಶಿಬಿರದ ಜಾಣತನ.

ಸ್ವರಲಿಪಿಯಲ್ಲಿ ಸಿಗದ ಸಂಗತಿಗಳಿಗೂ ಒಂದು ನಿದರ್ಶನ ಕೊಡಬಹುದು. ಪಿಟೀಲಿನ ನಾಲ್ಕು ತಂತಿಗಳನ್ನು ಪಾಶ್ಚಾತ್ಯರು ಸಾಧಾರಣವಾಗಿ ಜಿ, ಡಿ, ಎ, ಇ ಎಂಬ ಸ್ವರಗಳಿಗೆ ಕೂಡಿಸುತ್ತಾರೆ. ಬೆಟ್ಟದ ಪಿಟೀಲುಗಾರರು ಹಲವು ಧಾಟಿಗಳಿಗಾಗಿ ಕೆಳಗಿನ ಎರಡು ತಂತಿಗಳನ್ನು ಬಿಗಿದು ಎ, ಇ, ಎ, ಇ ಎಂದು ಮಾಡಿಕೊಳ್ಳುತ್ತಾರೆ. ಆಗ ಕಮಾನು ಹಾಡಿನ ತಂತಿಯೊಡನೆ ಪಕ್ಕದ ಬರಿತಂತಿಯನ್ನೂ ಸವರಿದರೆ, ನಮ್ಮ ತಂಬೂರಿಯಂತೆ ಒಂದು ಆಧಾರಶ್ರುತಿ ಹಿಂದಿನಿಂದ ಹೊರಡುತ್ತಲೇ ಇರುತ್ತದೆ. ಯಾವ ಧಾಟಿಗೆ ಯಾವ ಶ್ರುತಿ, ಕಮಾನನ್ನು ಎಲ್ಲಿ ಎಳೆಯಬೇಕು, ಎಲ್ಲಿ ತಳ್ಳಬೇಕು ಎಂಬುದು ಧ್ವನಿಮುದ್ರಣವನ್ನು ಎಷ್ಟು ಸಲ ಕೇಳಿದರೂ ಪೂರ್ತಿ ತಿಳಿಯುವುದಿಲ್ಲ. ಯಂತ್ರ ಸದ್ದನ್ನು ಹಿಡಿದಿಟ್ಟೀತು, ಮಣಿಕಟ್ಟಿನ ಸಡಿಲವನ್ನು ಹಿಡಿದಿಡಲಾರದು.

ಶಿಬಿರದ ಗುಣವನ್ನಷ್ಟೇ ಹೇಳಿ ಅದರ ಮಿತಿಯನ್ನು ಮರೆಮಾಚುವುದು ನ್ಯಾಯವಲ್ಲ. ಒಂದು ವಾರದಲ್ಲಿ ಯಾರೂ ಪಿಟೀಲುಗಾರರಾಗುವುದಿಲ್ಲ. ಅಲ್ಲದೆ ಇಂಥಲ್ಲಿಗೆ ದೂರದ ಪಟ್ಟಣಗಳಿಂದ, ಖರ್ಚು ತಾಳಬಲ್ಲವರು ಬರುವುದೇ ಹೆಚ್ಚು. ಹಾಡು ಹುಟ್ಟಿದ ಹಳ್ಳಿಯ ಹುಡುಗ ಹೊರಗೇ ಉಳಿಯುವ ಅಪಾಯವಿದೆ. ಎಲ್ಲರೂ ಒಂದೇ ಕಡೆ ಕಲಿತರೆ ಊರಿಗೊಂದು ಬಗೆಯಾಗಿದ್ದ ಧಾಟಿ ಎಲ್ಲ ಕಡೆಗೂ ಒಂದೇ ಆಗುವ ಭಯವೂ ಇದೆ. ಇದನ್ನು ಅರಿತೇ ಆಗಸ್ಟಾ ಸಂಸ್ಥೆಯವರು ಬೇರೊಂದು ಏರ್ಪಾಡನ್ನೂ ನಡೆಸಿದರು: ಒಬ್ಬ ಹಿರಿಯ ಕಲಾವಿದನಿಗೆ ಒಬ್ಬನೇ ಶಿಷ್ಯ, ಒಂದು ವಾರದ ಬದಲು ತಿಂಗಳುಗಟ್ಟಲೆ ಅಭ್ಯಾಸ, ಗುರುವಿಗೆ ಅದಕ್ಕಾಗಿ ಹಣ.

ಹಣದ ಮಾತನ್ನು ನಾವು ಬೇಕೆಂದೇ ಎತ್ತಿದ್ದೇವೆ. ಆಗಸ್ಟಾಕ್ಕೆ ಬಂದ ಗಣಿಯವರನ್ನೂ ಬಡಗಿಯನ್ನೂ ಅತಿಥಿಗಳೆಂದು ಕರೆದು ಕೈಮುಗಿದು ಕಳಿಸಲಿಲ್ಲ. ಗುರುಗಳೆಂದು ನೇಮಿಸಿ ಸಂಭಾವನೆ ಕೊಟ್ಟರು. 1982ರಲ್ಲಿ ಅಮೇರಿಕೆಯ ಕೇಂದ್ರ ಕಲಾನಿಧಿಯು ಜಾನಪದ ಕಲಾವಿದರಿಗಾಗಿ ರಾಷ್ಟ್ರೀಯ ಪರಂಪರಾ ಗೌರವವನ್ನು ಆರಂಭಿಸಿತು. ಜೀವಂತ ಕಲಾವಿದರನ್ನೇ ರಾಷ್ಟ್ರದ ನಿಧಿಯೆಂದು ಗೌರವಿಸುವ ಜಪಾನಿನ ಪದ್ಧತಿ ಇದಕ್ಕೆ ಒಂದು ಪ್ರೇರಣೆ. ಮೊದಲ ವರ್ಷದಲ್ಲಿಯೇ ಬಾಲ್ಫಾ ಅವರಿಗೆ, 1989ರಲ್ಲಿ ಸೀಫಸ್ ಅವರಿಗೆ, 1991ರಲ್ಲಿ ಮೆಲ್ವಿನ್ ವೈನ್ ಅವರಿಗೆ ಈ ಗೌರವ ಧನಸಹಿತವಾಗಿ ಸಂದಿತು.

ಈಗ ನಮ್ಮ ಕಡೆಗೆ ಬರೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ಹಾಡಿಗೆ ಬಡತನ ಬಂದಿಲ್ಲ. ಗೀಗೀ ಮೇಳದಲ್ಲಿ ಮುಂದಾಳು ದಪ್ಪು ಹಿಡಿದು ಹಾಡಿದರೆ ಹಿಂದಿನವರು ತುಂತುಣಿ, ತಾಳಗಳೊಡನೆ ಸೊಲ್ಲೆತ್ತುವರು. ಹರದೇಶಿ-ನಾಗೇಶಿಯ ಸವಾಲು-ಜವಾಬುಗಳನ್ನು ಬಾಯಲ್ಲಿಟ್ಟುಕೊಂಡವರು, ಚೌಡಿಕೆ ಮೀಟಿ ಎಲ್ಲಮ್ಮನ ಪದ ಹಾಡುವವರು, ಏಕತಾರಿಯೊಡನೆ ತತ್ವಪದ ಹಾಡುವವರು ಇನ್ನೂ ಇದ್ದಾರೆ. ನಮ್ಮ ನೆರೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ಪುಣ್ಯದಿಂದ ಮಾತುಗಳು ಉಳಿದವು. ಆದರೆ ಧಾಟಿಯನ್ನು ಪುಸ್ತಕ ಉಳಿಸಲಾರದು. ತುಂತುಣಿಯ ಒಂಟಿತಂತಿಯನ್ನು ಹಾಡುವವನ ಕಂಠಕ್ಕೆ ಹೇಗೆ ಕೂಡಿಸಬೇಕೆಂಬುದು ಬಲ್ಲವರ ಬೆರಳಿನಲ್ಲಿದೆ.

ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತಾರೆ. ಓದಲಿ, ಅದರಲ್ಲಿ ಕೇಡೇನೂ ಇಲ್ಲ. ನಮ್ಮನ್ನು ಯಾರೂ ಲೂಸಿಯಾನಾದವರಂತೆ ದಂಡಿಸುತ್ತಿಲ್ಲ. ಆದರೆ ದಂಡನೆಯಿಲ್ಲದೆಯೂ ಭಾಷೆ ಹಿಂದೆ ಸರಿಯಬಲ್ಲದು. ಅಜ್ಜಿಯ ಹಾಡು ಮೊಮ್ಮಗಳಿಗೆ ತಿಳಿಯದಾದ ದಿನ ಆ ಮನೆಯಲ್ಲಿ ಕನ್ನಡ ಬರಿಯ ವ್ಯವಹಾರದ ಮಾತಾಗಿ ಉಳಿಯುತ್ತದೆ. ಹಾಡು ಕಲಿಯುವ ಮಗು ತನಗರಿವಿಲ್ಲದೆಯೇ ನೂರಾರು ಕನ್ನಡ ನುಡಿಗಳನ್ನು ಕಲಿತಿರುತ್ತದೆ.

ಇದಕ್ಕೆ ದೊಡ್ಡ ಕಾಲೇಜು ಬೇಕಿಲ್ಲ. ಮುಂದಿನ ರಜೆಯಲ್ಲಿ ಒಂದು ಊರಿನವರು ಗುಡಿಯ ಕಟ್ಟೆಯ ಮೇಲೆ ಒಂದು ವಾರ ಐದಾರು ಮಕ್ಕಳನ್ನು ಕೂಡಿಸಿ, ಊರಿನ ಹಿರಿಯ ಹಾಡುಗಾರರನ್ನು ಗುರುಗಳೆಂದು ಕರೆತಂದರೆ ಸಾಕು. ವಾರಕ್ಕೆ ಎರಡೇ ಹಾಡುಗಳು ಸಾಕು, ಬಾಯಿಂದ ಕಿವಿಗೆ, ತುಣುಕು ತುಣುಕಾಗಿ. ಬರೆದುಕೊಳ್ಳುವುದು ಕೊನೆಯ ದಿನ. ಹಿರಿಯರ ಪಕ್ಕದಲ್ಲಿ ಹಾಡಬಲ್ಲ ಒಬ್ಬ ತರುಣ ಶಿಕ್ಷಕರು ಕುಳಿತಿರಲಿ. ಕೈಯಲ್ಲಿರುವ ದೂರವಾಣಿಯಲ್ಲಿ ಮುದ್ರಿಸಿಕೊಳ್ಳುವುದಾದರೆ ಮುದ್ರಿಸಿಕೊಳ್ಳಲಿ, ಆದರೆ ಕಲಿಕೆ ಅದರ ಎದುರಿಗಲ್ಲ, ಗುರುವಿನ ಎದುರಿಗೇ ನಡೆಯಲಿ. ವಾರದ ಕೊನೆಗೆ ಶಾಲು, ಕಾಯಿಗಳನ್ನಷ್ಟೇ ಕೊಟ್ಟು ಕಳಿಸುವುದು ಬೇಡ. ಊರವರೆಲ್ಲ ಸೇರಿ ಒಂದು ವಾರದ ದುಡಿಮೆಗೆ ತಕ್ಕ ಗೌರವಧನವನ್ನು ಅವರ ಕೈಯಲ್ಲಿಡಲಿ. ಹೊಲದ ಕೂಲಿ ಬಿಟ್ಟು ಬಂದವರಿಗೆ ಅದು ಸಲ್ಲತಕ್ಕ ಋಣ.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಊರಿನಲ್ಲಿ ಹಾಡನ್ನೋ ತಂತಿವಾದ್ಯವನ್ನೋ ಬಲ್ಲ ಹಿರಿಯರಿದ್ದರೆ ಅವರ ಬಳಿ ಒಂದು ಸಂಜೆ ಹೋಗಿ ಕುಳಿತುಕೊಳ್ಳಿರಿ. ಅವರಿಗೆ ಯಾವ ಹಾಡುಗಳು ಬರುತ್ತವೆ, ಅವನ್ನು ಯಾರಿಂದ ಕಲಿತರು, ಕಲಿಸಲು ಒಪ್ಪುವರೆ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ನಮಗೆ ಬರೆದು ಕಳಿಸಿರಿ. ಅಂಥ ಪತ್ರಗಳನ್ನು ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುವೆವು. ಮುಂದಿನ ಬೇಸಿಗೆಯಲ್ಲಿ ಶಿಬಿರ ನಡೆಸಲು ಮುಂದಾಗುವ ಊರಿನವರಿಗೆ ಗುರುಗಳ ಹೆಸರುಗಳು ನಮ್ಮಲ್ಲಿ ಸಿದ್ಧವಾಗಿರಲಿ ಎಂಬುದು ನಮ್ಮ ಆಶಯ.